ಸುಮ್ಮನೆ ಕೂತ ಒಂಟೆಗೂ ನೋವಿರುತ್ತದೆ

ಪ್ರಶ್ನೆ: ಬಿಕಾನೇರ್ ಹತ್ತಿರದ ಸೌರ ವಿದ್ಯುತ್ ಘಟಕದಲ್ಲಿ ಕೆಲಸದಲ್ಲಿದ್ದೇನೆ. ನಮಗೆ ಹಾಲು ಕೊಡುವ, ಒಂಟೆ ಸಾಕುವ ರೈಕಾ ಸಮುದಾಯದ ಕುಟುಂಬದ ಗಂಡೊಂಟೆ ಬೆದೆಯ ಕಾಲದಲ್ಲಿ ಇನ್ನೊಂದರ ಜೊತೆ ಕಾದಾಡಿ ಕೆಳದವಡೆ ಮುರಿದುಕೊಂಡಿದೆ. ತಂತಿ ಹಾಕಿ ಕಟ್ಟಬೇಕು ಅಂದಿದ್ದಾರೆ ಡಾಕ್ಟರು. ಮತ್ತಿನ ಮದ್ದು ಕೊಟ್ಟರೆ ಒಂಟೆ ಮೇಲೇಳುವುದಿಲ್ಲ ಎಂದು ಮನೆಯ ಹಿರಿಯರಿಗೆ ಭಯ. ಕಾಲು ಕಟ್ಟಿ ಹಿಡಿದುಕೊಂಡೇ ಮಾಡಿಸಬಹುದೇ? ನೋವಿಗೆ ಡೈಕ್ಲೋಫೆನಾಕ್ ಚುಚ್ಚಿಸಬಹುದೇ?

ಉತ್ತರ: ಎರಡೂ ಬೇಡ. ಕಟ್ಟಿಹಾಕಿದ ಒಂಟೆ ಅಲ್ಲಾಡದೆ ಇರಬಹುದು, ಆದರೆ ಮೂಳೆಗೆ ತಂತಿ ತೂರಿಸುವ ನೋವು ಅದಕ್ಕೆ ಪೂರ್ತಿ ತಿಳಿಯುತ್ತದೆ.

ಮತ್ತಿಗೆ ಸಾಮಾನ್ಯವಾಗಿ ಕೊಡುವ ಔಷಧ ಕ್ಸೈಲಜೀನ್. ಒಂಟೆಗೆ ಕಿಲೋ ತೂಕಕ್ಕೆ 0.25ರಿಂದ 0.5 ಮಿಲಿಗ್ರಾಂ. ಹಸುವಿಗೆ ಇದಕ್ಕಿಂತ ಬಹಳ ಕಡಿಮೆ ಸಾಕು. ಹಾಗಾಗಿ ತೂಕದ ಅಂದಾಜು, ಪ್ರಮಾಣದ ನಿರ್ಧಾರ ಎರಡೂ ಡಾಕ್ಟರದೇ ಆಗಿರಲಿ. ಕ್ಸೈಲಜೀನ್ ಮುಖ್ಯವಾಗಿ ಜೋಂಪು ತರಿಸುತ್ತದೆ. ನೋವನ್ನು ತಗ್ಗಿಸುವುದು ಸ್ವಲ್ಪ, ಅದೂ ಸ್ವಲ್ಪ ಹೊತ್ತು. ಆದ್ದರಿಂದ ದವಡೆಯ ನರಕ್ಕೆ ಲಿಗ್ನೋಕೇನ್ ಚುಚ್ಚಿ ಮರಗಟ್ಟಿಸುವುದು ಬೇಕೇ ಬೇಕು. ಅದನ್ನು ನೀವೇ ಕೇಳಿ ಮಾಡಿಸಿ.

ಹಿರಿಯರ ಭಯಕ್ಕೆ ಕಾರಣವಿದೆ. ಒಂಟೆ ಮೆಲುಕು ಹಾಕುವ ಪ್ರಾಣಿ. ಜೋಂಪಿನಲ್ಲಿ ಹೊಟ್ಟೆಯದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಡಾಕ್ಟರು ಹೇಳಿದಷ್ಟು ಹೊತ್ತು ಮೇವು, ನೀರು ನಿಲ್ಲಿಸಿ. ಎದೆಯ ಮೇಲೆ ಕೂತ ಭಂಗಿಯಲ್ಲೇ ಇರಲಿ, ಪಕ್ಕಕ್ಕೆ ಉರುಳಿಸಬೇಡಿ, ಹೊಟ್ಟೆಯುಬ್ಬರ ಬರುತ್ತದೆ. ಕತ್ತಿನ ಹಿಂಭಾಗ ಎತ್ತರಕ್ಕೂ ಮೂತಿ ತಗ್ಗಿಗೂ ಇದ್ದರೆ ಜೊಲ್ಲು ಹೊರಗೆ ಹರಿದುಹೋಗುತ್ತದೆ. ಬೆದೆಯ ಗಂಡಿನಲ್ಲಿ ಇನ್ನೊಂದು ತೊಡಕು: ಬಾಯಿಂದ ಬಲೂನಿನಂತೆ ಹೊರಬರುವ ಮೆದು ಅಂಗುಳು ಜೋಂಪಿನಲ್ಲಿ ಉಸಿರಿಗೆ ಅಡ್ಡವಾಗಬಹುದು. ತಲೆಯ ಬಳಿ ಒಬ್ಬರು ಉಸಿರಾಟ ನೋಡುತ್ತಲೇ ಇರಬೇಕು. ಕೆಲಸ ನೆರಳಿನಲ್ಲಾಗಲಿ. ಜೋಂಪನ್ನು ಇಳಿಸುವ ಮದ್ದೂ ಇದೆ, ಯೋಹಿಂಬಿನ್. ಅದು ಸಿದ್ಧವಿದೆಯೇ ಎಂದು ಮೊದಲೇ ವಿಚಾರಿಸಿ. ಬಿಕಾನೇರಿನ ಪಶುವೈದ್ಯ ಕಾಲೇಜು 1954ರಿಂದ ಇದೆ. ಕರೆದೊಯ್ಯಲು ಸಾಧ್ಯವಾದರೆ ಅಲ್ಲಿಗೇ ಹೋಗಿ.

ತಂತಿ ಹಾಕಿದ ಮೇಲೆ ಕೆಲವು ದಿನ ನೋವು ನಿವಾರಕ ಬೇಕಾಗುತ್ತದೆ. ಒಂಟೆ ಕೂಗುವುದಿಲ್ಲವೆಂದು ನೋವಿಲ್ಲ ಅಂದುಕೊಳ್ಳಬೇಡಿ. ಮೇವು ಮುಟ್ಟದಿರುವುದು, ಹಲ್ಲು ಕಡಿಯುವುದು, ಹಿಂಡಿನಿಂದ ದೂರ ನಿಲ್ಲುವುದು, ಇವೇ ಅದರ ಗುರುತುಗಳು. ಮೆಲೋಕ್ಸಿಕಾಮ್ ಒಳ್ಳೆಯ ಆಯ್ಕೆ. ಅದನ್ನು ಕೊಡುವ ಮೊದಲು ಒಂಟೆ ಚೆನ್ನಾಗಿ ನೀರು ಕುಡಿದಿರಬೇಕು, ಇಲ್ಲದಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು.

ಡೈಕ್ಲೋಫೆನಾಕನ್ನು ಜಾನುವಾರುಗಳಿಗೆ ಕೊಡುವುದು ಭಾರತದಲ್ಲಿ 2006ರಿಂದ ನಿಷಿದ್ಧ. ಅದನ್ನು ಪಡೆದ ಪ್ರಾಣಿ ಬೇಗನೆ ಸತ್ತರೆ, ಅದರ ಮಾಂಸ ತಿಂದ ರಣಹದ್ದು ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ 2023ರಲ್ಲಿ ನಿಷೇಧವಾದವು. ನಿಮ್ಮ ಬಿಕಾನೇರಿನ ಪಕ್ಕದ ಜೋರ್‌ಬೀಡ್‌ನಲ್ಲಿ ಸತ್ತ ಒಂಟೆ, ದನಗಳನ್ನು ಹಾಕುವ ಬಯಲಿಗೆ ಚಳಿಗಾಲದಲ್ಲಿ ರಣಹದ್ದುಗಳು ದೂರದೂರದಿಂದ ಬಂದಿಳಿಯುತ್ತವೆ. ದಯವಿಟ್ಟು ಆ ಔಷಧಗಳನ್ನು ಒಂಟೆಯ ಹತ್ತಿರ ತರಬೇಡಿ, ರೈಕಾ ಹಿರಿಯರಿಗೂ ಇದನ್ನು ತಿಳಿಸಿ.