ಕುತ್ತಿಗೆ ಮತ್ತು ಭುಜದ ನೋವಿಗೆ ಅಂಗಚಲನೆಯ ಚಿಕಿತ್ಸೆ

ತಲೆಯ ಭಾರವನ್ನು ಹೊತ್ತು ಅದನ್ನು ಎಲ್ಲ ದಿಕ್ಕುಗಳಿಗೂ ತಿರುಗಿಸುವ ಹೊಣೆ ಕುತ್ತಿಗೆಯದು. ಕೈಯನ್ನು ನೆಲದಿಂದ ನೆತ್ತಿಯವರೆಗೆ, ಎದೆಯಿಂದ ಬೆನ್ನಿನವರೆಗೆ ಒಯ್ಯುವ ಹೊಣೆ ಭುಜದ್ದು. ಈ ಎರಡೂ ಅಂಗಗಳು ಸ್ವಸ್ಥವಾಗಿರುವಾಗ ಅವು ಇವೆಯೆಂಬುದೇ ನಮ್ಮ ಅರಿವಿಗೆ ಬರುವುದಿಲ್ಲ. ನೋವು ಕಾಣಿಸಿಕೊಂಡಾಗ ಮಾತ್ರ ತಲೆ ಬಾಚುವುದು, ಅಂಗಿ ತೊಡುವುದು, ಅಟ್ಟದ ಮೇಲಿನ ಡಬ್ಬಿ ಇಳಿಸುವುದು, ಹಿಂದೆ ಬರುವ ವಾಹನವನ್ನು ತಿರುಗಿ ನೋಡುವುದು ಎಲ್ಲವೂ ದೊಡ್ಡ ಕೆಲಸಗಳಾಗಿ ತೋರುತ್ತವೆ.

ಇಂಥ ನೋವಿನಿಂದ ಬಳಲುವ ಭಕ್ತಾದಿಗಳು ನಮ್ಮಲ್ಲಿಗೆ ಬಂದಾಗ ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ: ಯಾವ ಎಣ್ಣೆ ಹಚ್ಚಬೇಕು, ಯಾವ ಗುಳಿಗೆ ನುಂಗಬೇಕು? ಯಾವ ಚಲನೆಯನ್ನು, ದಿನಕ್ಕೆ ಎಷ್ಟು ಸಲ ಮಾಡಬೇಕು ಎಂದು ಕೇಳುವವರು ವಿರಳ. ಆದರೆ ಈ ನೋವುಗಳಲ್ಲಿ ಬಹುಪಾಲು ಶಾಶ್ವತವಾಗಿ ಹಿಡಿತಕ್ಕೆ ಬರುವುದು ಮೂರನೆಯ ಪ್ರಶ್ನೆಯ ಉತ್ತರದಿಂದಲೇ. ಎಣ್ಣೆ ಮತ್ತು ಶಾಖ ಅಂಗವನ್ನು ಸಿದ್ಧಗೊಳಿಸುತ್ತವೆ. ಅದನ್ನು ಮತ್ತೆ ಕೆಲಸಕ್ಕೆ ಹಚ್ಚುವುದು ಚಲನೆ.

ನೋವು ಏಕೆ ಬರುತ್ತದೆ?

ಕುತ್ತಿಗೆಯಲ್ಲಿ ಏಳು ಮಣಿಗಳಿವೆ. ಅವುಗಳ ನಡುವೆ ಮೆದುವಾದ ಬಿಲ್ಲೆಗಳು, ಸುತ್ತಲೂ ಸ್ನಾಯುಗಳು, ಮಣಿಗಳ ಸಂದಿಯಿಂದ ಹೊರಟು ಕೈಬೆರಳುಗಳವರೆಗೆ ಸಾಗುವ ನರಗಳು ಇವೆ. ಪ್ರಾಯದ ವ್ಯಕ್ತಿಯ ತಲೆ ಸುಮಾರು 4.5ರಿಂದ 5 ಕೆ.ಜಿ. ತೂಗುತ್ತದೆ. ತಲೆ ನೆಟ್ಟಗಿರುವಾಗ ಈ ಭಾರ ಮಣಿಗಳ ಮೇಲೆ ಸಮನಾಗಿ ಇಳಿಯುತ್ತದೆ. ಮುಂದಕ್ಕೆ ಬಾಗಿದಷ್ಟೂ ಹಿಂಬದಿಯ ಸ್ನಾಯುಗಳು ಹಗ್ಗ ಎಳೆದಂತೆ ಎಳೆದು ಹಿಡಿಯಬೇಕಾಗುತ್ತದೆ. ತಲೆ 60 ಡಿಗ್ರಿ ಬಾಗಿದಾಗ ಕುತ್ತಿಗೆಯ ಮೇಲೆ ಬೀಳುವ ಒತ್ತಡ 27 ಕೆ.ಜಿ.ಯಷ್ಟಾಗಬಹುದೆಂದು 2014ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ತಿಳಿಸುತ್ತದೆ. ಗಂಟೆಗಟ್ಟಲೆ ಮೊಬೈಲ್ ನೋಡುವವರು, ಹೊಲಿಗೆ ಯಂತ್ರದ ಮುಂದೆ ಕೂರುವವರು, ಲೆಕ್ಕದ ಪುಸ್ತಕದ ಮೇಲೆ ಬಾಗಿರುವವರು ಇದನ್ನು ನೆನಪಿಡಬೇಕು.

ಭುಜದ ರಚನೆ ಬೇರೆ ಬಗೆಯದು. ದೇಹದ ಎಲ್ಲ ಕೀಲುಗಳಲ್ಲಿ ಅತ್ಯಂತ ಹೆಚ್ಚು ತಿರುಗಾಟವುಳ್ಳದ್ದು ಇದು. ದೊಡ್ಡ ಗುಂಡೊಂದು ಆಳವಿಲ್ಲದ ಸಣ್ಣ ಬಟ್ಟಲಿನಲ್ಲಿ ಕುಳಿತಿದ್ದು, ಅದನ್ನು ಬಿಗಿಹಿಡಿದಿರುವವು ಸುತ್ತಲಿನ ಸ್ನಾಯುಗಳು ಮತ್ತು ಕೀಲನ್ನು ಆವರಿಸಿದ ತೆಳುವಾದ ಚೀಲ. ಆ ಚೀಲ ಉರಿತಕ್ಕೊಳಗಾಗಿ ದಪ್ಪವಾಗಿ ಮುದುಡಿಕೊಂಡರೆ ಕೈ ಮೇಲೇಳದು, ಬೆನ್ನ ಹಿಂದೆ ಹೋಗದು. ಇದನ್ನೇ ಈಗ ಎಲ್ಲರೂ 'ಫ್ರೋಜನ್ ಶೋಲ್ಡರ್' ಎಂದು ಕರೆಯುತ್ತಾರೆ. 40ರಿಂದ 60 ವರ್ಷದೊಳಗಿನವರಲ್ಲಿ, ಅದರಲ್ಲಿಯೂ ಮಹಿಳೆಯರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು.

ನಮ್ಮ ಪ್ರಾಚೀನ ಆಚಾರ್ಯರು ಈ ತೊಂದರೆಗಳನ್ನು ಸೂಕ್ಷ್ಮವಾಗಿ ಗುರುತಿಸಿದ್ದರು. ಕುತ್ತಿಗೆ ಬಿಗಿದು ತಿರುಗದಿರುವುದನ್ನು ಮನ್ಯಾಸ್ತಂಭವೆಂದೂ, ಭುಜದ ಕಟ್ಟುಗಳು ಒಣಗಿ ಕೈಯ ಚಲನೆ ಕುಗ್ಗುವುದನ್ನು ಅವಬಾಹುಕವೆಂದೂ, ತೋಳಿನಿಂದ ಬೆರಳುಗಳವರೆಗೆ ಹರಿಯುವ ನರಬಾಧೆಯನ್ನು ವಿಶ್ವಾಚಿಯೆಂದೂ ಹೆಸರಿಸಿ, ಇವೆಲ್ಲವನ್ನೂ ವಾತವ್ಯಾಧಿಗಳಲ್ಲಿ ಸೇರಿಸಿದರು. ಮನ್ಯಾಸ್ತಂಭಕ್ಕೆ ಸುಶ್ರುತಸಂಹಿತೆ ಹೇಳುವ ಕಾರಣಗಳು ಹಗಲುನಿದ್ರೆ, ಸರಿಯಲ್ಲದ ಭಂಗಿಯಲ್ಲಿ ಕೂರುವುದು ಹಾಗೂ ನಿಲ್ಲುವುದು, ಕತ್ತೆತ್ತಿ ದಿಟ್ಟಿಸುವುದು. ಔಷಧಕ್ಕಿಂತ ಮೊದಲು ಭಂಗಿಯನ್ನು ತಿದ್ದಬೇಕೆಂಬ ಪಾಠ ಈ ಪಟ್ಟಿಯಲ್ಲಿಯೇ ಅಡಗಿದೆ.

ಕೈ ಕಟ್ಟಿ ಕುಳಿತರೆ

ನೋಯುವ ಅಂಗಕ್ಕೆ ವಿಶ್ರಾಂತಿ ಕೊಡಬೇಕೆಂಬುದು ಎಲ್ಲರ ಸಹಜ ಭಾವನೆ. ಮೊದಲ ಒಂದೆರಡು ದಿನಗಳ ಮಟ್ಟಿಗೆ ಅದು ಸರಿಯೂ ಹೌದು. ಆದರೆ ಆ ವಿಶ್ರಾಂತಿ ವಾರಗಟ್ಟಲೆ ಮುಂದುವರಿದರೆ ಸ್ನಾಯುಗಳು ಸೊರಗುತ್ತವೆ, ಕೀಲು ಇನ್ನಷ್ಟು ಬಿಗಿಯುತ್ತದೆ. ಬಿಗಿದ ಕೀಲು ಅಲುಗಿದಾಗ ಮತ್ತಷ್ಟು ನೋಯುತ್ತದೆ. ಆ ನೋವಿಗೆ ಅಂಜಿ ರೋಗಿ ಕೈಯನ್ನು ಇನ್ನೂ ಕಡಿಮೆ ಬಳಸುತ್ತಾನೆ. ಕುತ್ತಿಗೆಗೆ ಹಾಕುವ ಪಟ್ಟಿಯ ವಿಷಯವೂ ಹೀಗೆಯೇ. ವೈದ್ಯರು ಹೇಳಿದ ಕೆಲವು ದಿನಗಳನ್ನು ಮೀರಿ ತಿಂಗಳುಗಟ್ಟಲೆ ಅದನ್ನು ಧರಿಸಿದವರ ಕುತ್ತಿಗೆ, ಪಟ್ಟಿಯಿಲ್ಲದೆ ತಲೆಯನ್ನು ಹೊರುವ ಬಲವನ್ನೇ ಕಳೆದುಕೊಳ್ಳತೊಡಗುತ್ತದೆ.

52 ವರ್ಷದ ತಾಯಿಯೊಬ್ಬರು ನಾಲ್ಕು ತಿಂಗಳ ಬಲಭುಜದ ನೋವಿನೊಂದಿಗೆ ನಮ್ಮಲ್ಲಿಗೆ ಬಂದಿದ್ದರು. ಪ್ರತಿನಿತ್ಯ ಹತ್ತಾರು ಜೋಳದ ರೊಟ್ಟಿ ಬಡಿಯುತ್ತಿದ್ದ ಕೈ ಅದು. ನೋವಿಗೆ ಹೆದರಿ ಅವರು ಆ ಕೈಯನ್ನು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡೇ ಇದ್ದರು. ಹೆರಳನ್ನು ಸೊಸೆಯೇ ಹಾಕಬೇಕಾಗಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಅದುವರೆಗೆ ಅರಿಯದಿದ್ದ ಸಕ್ಕರೆ ಕಾಯಿಲೆ ಪತ್ತೆಯಾಯಿತು. ಅದಕ್ಕೆ ಚಿಕಿತ್ಸೆ ಆರಂಭಿಸಿ, ಅಭ್ಯಂಗ ಮತ್ತು ಶಾಖದ ಜೊತೆಗೆ ಮುಂದೆ ಹೇಳಲಿರುವ ಚಲನೆಗಳನ್ನು ಕಲಿಸಿದೆವು. ಅಡುಗೆಮನೆಯ ಗೋಡೆಯ ಮೇಲೆ ಅವರ ಬೆರಳು ಮುಟ್ಟುವ ಎತ್ತರವನ್ನು ಮೊಮ್ಮಗ ವಾರಕ್ಕೊಮ್ಮೆ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದ. ಮೊದಲ ಮೂರು ವಾರ ಗೆರೆ ಹೆಚ್ಚೇನೂ ಏರಲಿಲ್ಲ. ಐದನೆಯ ತಿಂಗಳಿಗೆ ಅವರೇ ತಮ್ಮ ಹೆರಳು ಹೆಣೆದುಕೊಂಡರು. ಈ ರೋಗ ತಾನಾಗಿಯೇ ಸಡಿಲಗೊಳ್ಳಲು ಒಂದರಿಂದ ಮೂರು ವರ್ಷ ಹಿಡಿಯಬಹುದು. ಎಲ್ಲರಿಗೂ ಇಷ್ಟು ಬೇಗ ಗುಣವಾಗುವುದಿಲ್ಲ. ಆದರೆ ಆ ಅವಧಿಯಲ್ಲಿ ಉಳಿದ ಚಲನೆಯನ್ನು ಕಾಪಾಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಮೊದಲು ಸಿದ್ಧತೆ

ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನಾಗಲಿ ವೈದ್ಯರು ಸೂಚಿಸಿದ ತೈಲವನ್ನಾಗಲಿ ಕುತ್ತಿಗೆಯ ಹಿಂಭಾಗದಿಂದ ಭುಜದ ಕಡೆಗೆ ಹಗುರವಾಗಿ ಹತ್ತು ನಿಮಿಷ ಸವರಬೇಕು. ತಿಕ್ಕಿ ಹಿಸುಕುವ ಅಗತ್ಯವಿಲ್ಲ. ಬಳಿಕ ಬಟ್ಟೆ ಸುತ್ತಿದ ಬಿಸಿನೀರಿನ ಚೀಲದಿಂದ 10ರಿಂದ 15 ನಿಮಿಷ ಶಾಖ ಕೊಡಬೇಕು. ಬೆಳಿಗ್ಗೆ ಎದ್ದಾಗ ಇದ್ದಕ್ಕಿದ್ದಂತೆ ಕುತ್ತಿಗೆ ಹಿಡಿದುಕೊಂಡಿದ್ದರೆ ಎಣ್ಣೆಗಿಂತ ಒಣಶಾಖ ಹಿತಕರ; ಮನ್ಯಾಸ್ತಂಭಕ್ಕೆ ಸುಶ್ರುತರು ಹೇಳಿರುವುದೂ ರೂಕ್ಷ ಸ್ವೇದವನ್ನೇ. ಹುರಿದ ಹರಳುಪ್ಪನ್ನು ಅಥವಾ ಮರಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ನಮ್ಮ ಅಂಗೈ ಮೇಲಿಟ್ಟು ಬಿಸಿಯನ್ನು ಪರೀಕ್ಷಿಸಿ ಬಳಸಬಹುದು. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶಜ್ಞಾನ ಕುಂದಿದವರಿಗೆ ಶಾಖವನ್ನು ಬೇರೊಬ್ಬರೇ ನೋಡಿ ಕೊಡಬೇಕು; ಇಲ್ಲವಾದರೆ ಸುಟ್ಟರೂ ತಿಳಿಯುವುದಿಲ್ಲ. ಜ್ವರ, ಕೆಂಪು ಬಾವು ಇದ್ದಾಗ ಎಣ್ಣೆಯೂ ಬೇಡ, ಶಾಖವೂ ಬೇಡ.

ಕುತ್ತಿಗೆಗೆ ನಾಲ್ಕು ಚಲನೆಗಳು

ಬೆನ್ನು ನೆಟ್ಟಗಿಟ್ಟು ಕುರ್ಚಿಯ ಮೇಲೆ ಕುಳಿತು, ಸಹಜವಾಗಿ ಉಸಿರಾಡುತ್ತ ಇವನ್ನು ಮಾಡಬೇಕು.

1. ದೃಷ್ಟಿ ಎದುರಿಗಿರಲಿ. ತಲೆಯನ್ನು ಮೇಲೆ ಕೆಳಗೆ ಮಾಡದೆ, ಗದ್ದವನ್ನು ನೇರವಾಗಿ ಹಿಂದಕ್ಕೆ ಎಳೆದುಕೊಂಡು ಐದು ಎಣಿಸುವವರೆಗೆ ಹಿಡಿದು ಬಿಡಬೇಕು. ಹೀಗೆ ಹತ್ತು ಸಲ. ಮುಂದಕ್ಕೆ ಚಾಚಿದ ತಲೆಯನ್ನು ಅದರ ಸ್ಥಾನಕ್ಕೆ ತರುವ ಚಲನೆ ಇದು.

2. ಮುಖವನ್ನು ನಿಧಾನವಾಗಿ ಬಲಕ್ಕೆ, ಅನಂತರ ಎಡಕ್ಕೆ ತಿರುಗಿಸಬೇಕು; ಬಳಿಕ ಭುಜವನ್ನು ಎತ್ತದೆ ಕಿವಿಯನ್ನು ಭುಜದ ಕಡೆಗೆ ವಾಲಿಸಬೇಕು. ಪ್ರತಿ ಕಡೆಗೆ ಐದೈದು ಸಲ. ತಲೆಯನ್ನು ಚಕ್ರದಂತೆ ಸುತ್ತಿಸಬಾರದು.

3. ಅಂಗೈಯನ್ನು ಹಣೆಗೆ ಒತ್ತಿ, ತಲೆಯಿಂದ ಅಂಗೈಯನ್ನು ತಳ್ಳಬೇಕು. ಆದರೆ ತಲೆ ಅಲುಗಕೂಡದು. ಐದು ಎಣಿಸಿ ಸಡಿಲಿಸಬೇಕು. ಇದೇ ರೀತಿ ಎರಡೂ ಕಪಾಲಗಳ ಬದಿಗೆ ಮತ್ತು ತಲೆಯ ಹಿಂಭಾಗಕ್ಕೆ ಕೈಯಿಟ್ಟು ಮಾಡಬೇಕು. ಅರ್ಧ ಬಲವಷ್ಟೇ ಸಾಕು.

4. ಎರಡೂ ಹೆಗಲೆಲುಬುಗಳನ್ನು ಬೆನ್ನ ಹಿಂದೆ ಒಂದನ್ನೊಂದು ಮುಟ್ಟಿಸುವಂತೆ ಹಿಂದಕ್ಕೆ ಸೆಳೆದು ಐದು ಎಣಿಸಿ ಬಿಡಬೇಕು. ಹತ್ತು ಸಲ.

ಭುಜಕ್ಕೆ ನಾಲ್ಕು ಚಲನೆಗಳು

1. ನೋವಿಲ್ಲದ ಕೈಯನ್ನು ಮೇಜಿನ ಮೇಲೆ ಊರಿ ಮುಂದಕ್ಕೆ ಬಾಗಿ, ನೋಯುವ ಕೈಯನ್ನು ಗಂಟೆಯ ನಾಲಗೆಯಂತೆ ಸಡಿಲವಾಗಿ ಇಳಿಬಿಡಬೇಕು. ದೇಹವನ್ನು ತೂಗುತ್ತ ಕೈಯನ್ನು ಊಟದ ತಟ್ಟೆಯಗಲದ ವೃತ್ತದಲ್ಲಿ ಎರಡೂ ದಿಕ್ಕಿಗೆ ಹತ್ತತ್ತು ಸಲ ತಿರುಗಿಸಬೇಕು.

2. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ನಡೆಸುತ್ತ ಮೇಲಕ್ಕೆ ಒಯ್ಯಬೇಕು. ಮುಟ್ಟಿದ ಎತ್ತರಕ್ಕೆ ಗುರುತು ಹಾಕಿ, ಹತ್ತು ಎಣಿಸಿ, ಹಾಗೆಯೇ ಇಳಿಸಬೇಕು.

3. ಅಂಗಾತ ಮಲಗಿ, ಮೊಣಕೈಗಳನ್ನು ಪಕ್ಕೆಗೆ ತಾಗಿಸಿ ಮಡಿಸಿ, ಎರಡೂ ಕೈಗಳಿಂದ ಒಂದು ಕೋಲು ಹಿಡಿಯಬೇಕು. ಒಳ್ಳೆಯ ಕೈಯಿಂದ ಕೋಲನ್ನು ತಳ್ಳಿ, ನೋಯುವ ಕೈಯ ಅಂಗೈ ದೇಹದಿಂದ ಹೊರಕ್ಕೆ ಸರಿಯುವಂತೆ ಮಾಡಬೇಕು. ಬಿಗಿದ ಭುಜದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕುಂದುವುದು ಈ ಹೊರತಿರುವು.

4. ಟವೆಲ್ಲಿನ ಒಂದು ತುದಿಯನ್ನು ಒಳ್ಳೆಯ ಕೈಯಿಂದ ಭುಜದ ಮೇಲಿನಿಂದ, ಇನ್ನೊಂದು ತುದಿಯನ್ನು ನೋಯುವ ಕೈಯಿಂದ ಸೊಂಟದ ಹಿಂದಿನಿಂದ ಹಿಡಿದು, ಬೆನ್ನು ಉಜ್ಜುವಂತೆ ನಿಧಾನವಾಗಿ ಮೇಲಕ್ಕೆ ಸೆಳೆಯಬೇಕು. ಭುಜದ ನೋವು ತೀವ್ರವಾಗಿರುವ ಮೊದಲ ಹಂತದಲ್ಲಿ ಇದನ್ನು ಮಾಡದೆ ಮೊದಲ ಚಲನೆಯಷ್ಟನ್ನೇ ಮಾಡುವುದು ಲೇಸು.

ಎಷ್ಟು ಮಾಡಬೇಕು?

ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂದು ಆಯುರ್ವೇದ ವಿಧಿಸುತ್ತದೆ. ಒಂದೇ ದಿನ ಒಂದು ಗಂಟೆ ಮಾಡಿ ನಾಲ್ಕು ದಿನ ಮಲಗುವುದಕ್ಕಿಂತ, ದಿನಕ್ಕೆ ಎರಡು ಮೂರು ಸಲ ಹತ್ತು ಹತ್ತು ನಿಮಿಷ ಮಾಡುವುದು ಮೇಲು. ಮಾಡುವಾಗ ಸ್ವಲ್ಪ ಸೆಳೆತ, ಸಣ್ಣ ನೋವು ಸಹಜ. ಅದು ಒಂದೆರಡು ಗಂಟೆಗಳೊಳಗೆ ಶಮನವಾದರೆ ಪ್ರಮಾಣ ಸರಿಯಾಗಿದೆಯೆಂದು ತಿಳಿಯಬೇಕು. ಮರುದಿನ ಬೆಳಿಗ್ಗೆಯೂ ಹೆಚ್ಚಿದ ನೋವು ಉಳಿದಿದ್ದರೆ ಅರ್ಧಕ್ಕೆ ಇಳಿಸಬೇಕು. ಕನಿಷ್ಠ ಆರು ವಾರ ಬಿಡದೆ ಮಾಡದ ಹೊರತು ಫಲ ಸಿಗಲಿಲ್ಲವೆಂದು ತೀರ್ಮಾನಿಸಬಾರದು.

ಭೌತಚಿಕಿತ್ಸೆಯ ತಜ್ಞರು, ಅಂದರೆ ಫಿಸಿಯೋಥೆರಪಿಸ್ಟರು, ಈಗ ತಾಲ್ಲೂಕು ಕೇಂದ್ರಗಳಲ್ಲಿಯೂ ದೊರೆಯುತ್ತಾರೆ. ಆಯುರ್ವೇದ ಚಿಕಿತ್ಸೆ ಪಡೆಯುವವರು ಅವರ ಬಳಿಗೆ ಹೋಗಬಾರದೆಂಬ ಭಾವನೆ ತಪ್ಪು. ಒಂದೆರಡು ಸಲ ಅವರ ಎದುರಿನಲ್ಲಿ ಚಲನೆಗಳನ್ನು ಮಾಡಿ ತಿದ್ದಿಸಿಕೊಳ್ಳುವುದರಿಂದ ಬಹಳ ಪ್ರಯೋಜನವಿದೆ. ಅಲ್ಲಿನ ವಿದ್ಯುತ್ ಯಂತ್ರಗಳು ನೋವನ್ನು ತಗ್ಗಿಸಿ ವ್ಯಾಯಾಮಕ್ಕೆ ಅನುವು ಮಾಡಿಕೊಡುತ್ತವೆಯೇ ಹೊರತು ವ್ಯಾಯಾಮಕ್ಕೆ ಬದಲಿಯಲ್ಲ.

ದಿನಚರಿಯ ತಿದ್ದುಪಡಿ

ಮೊಬೈಲನ್ನು ಕಣ್ಣಿನ ಎತ್ತರಕ್ಕೆ ತರಬೇಕು. ಕಣ್ಣನ್ನು ಮೊಬೈಲಿನ ಬಳಿಗೆ ಇಳಿಸಬಾರದು. ಕುಳಿತು ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಬೇಕು. ದಿಂಬು ಕುತ್ತಿಗೆಯ ತಗ್ಗನ್ನು ತುಂಬುವಷ್ಟಿರಲಿ. ಎರಡು ದಿಂಬುಗಳ ಮೇಲೆ ತಲೆ ಏರಿಸಿ ಮಲಗುವುದಾಗಲಿ ಬೋರಲು ಮಲಗುವುದಾಗಲಿ ಸಲ್ಲದು. ಔಷಧ ಸಿಂಪಡಿಸುವ ಪಂಪನ್ನು ಹೊರುವ ರೈತರು ಎರಡೂ ಹೆಗಲಿಗೆ ಪಟ್ಟಿ ಹಾಕಿ, ನಡುನಡುವೆ ಇಳಿಸಿ ದಣಿವಾರಿಸಿಕೊಳ್ಳಬೇಕು. ದಾಸೋಹದ ದೊಡ್ಡ ಪಾತ್ರೆಗಳನ್ನು ಒಬ್ಬರೇ ಎತ್ತದೆ ಇಬ್ಬರು ಹಿಡಿಯಬೇಕು. ಇಷ್ಟಲಿಂಗ ಪೂಜೆಗೆ ಬಹಳ ಹೊತ್ತು ಕೂರುವ ಭಕ್ತರು, ಎಡ ಅಂಗೈಯನ್ನು ತೊಡೆಯ ಮಟ್ಟಕ್ಕೆ ಇಳಿಸಿ ಕತ್ತು ಬಗ್ಗಿಸುವ ಬದಲು ಎದೆಯ ಎತ್ತರಕ್ಕೆ ಹಿಡಿದು, ಮೊಣಕೈಗೆ ಬೇಕಾದರೆ ಮಡಿಸಿದ ವಸ್ತ್ರದ ಆಧಾರ ಕೊಟ್ಟರೆ, ದೃಷ್ಟಿಯೂ ನೆಲೆಗೊಳ್ಳುತ್ತದೆ, ಕುತ್ತಿಗೆಯೂ ನೋಯುವುದಿಲ್ಲ.

ಕ್ಷೌರದ ಬಳಿಕ ಕುತ್ತಿಗೆಯನ್ನು ಥಟ್ಟನೆ ತಿರುಗಿಸಿ ನೆಟಿಗೆ ತೆಗೆಸಿಕೊಳ್ಳುವ ರೂಢಿಯನ್ನು ಬಿಡಲೇಬೇಕು. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯ ಮಣಿಗಳ ಮೂಲಕವೇ ಹಾದುಹೋಗುತ್ತವೆ. ಅವುಗಳಿಗೆ ಪೆಟ್ಟಾದರೆ ಪಾರ್ಶ್ವವಾಯುವೂ ಸಂಭವಿಸಬಹುದು.

ಇವನ್ನು ಕಂಡರೆ ತಡಮಾಡಬೇಡಿ

ಎಡಭುಜ ಅಥವಾ ದವಡೆಯ ನೋವಿನ ಜೊತೆಗೆ ಎದೆಯ ಒತ್ತಡ, ತಣ್ಣನೆಯ ಬೆವರು, ಉಸಿರಾಟದ ಕಷ್ಟ ಇದ್ದರೆ ಅದು ಹೃದಯದ ತೊಂದರೆಯಾಗಿರಬಹುದು. ಎಣ್ಣೆ ಹಚ್ಚುತ್ತ ಕೂರದೆ ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು. ಕೈಬೆರಳುಗಳು ಜೋಮುಹಿಡಿದು ಗುಂಡಿ ಹಾಕಲು ಬಾರದಿರುವುದು, ನಡೆಯುವಾಗ ಕಾಲು ತಡವರಿಸುವುದು, ಮೂತ್ರದ ಹಿಡಿತ ತಪ್ಪುವುದು ಇವು ಬೆನ್ನುಹುರಿ ಒತ್ತಿಹೋಗಿರುವ ಸೂಚನೆಗಳು. ಬಿದ್ದ ಅಥವಾ ಅಪಘಾತವಾದ ಬಳಿಕ ಬಂದ ನೋವು, ಇದ್ದಕ್ಕಿದ್ದಂತೆ ಕೈ ಎತ್ತಲಾಗದಿರುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿಯಿಡೀ ಬಿಡದ ನೋವು ಇವುಗಳಲ್ಲಿ ಯಾವುದಿದ್ದರೂ ಮೊದಲು ತಜ್ಞರ ಪರೀಕ್ಷೆ, ಅನಂತರವೇ ವ್ಯಾಯಾಮ. ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದರಿಂದ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಗಳಿಗೂ ಹಾನಿಯಾಗಬಹುದು.

ಉಳಿದಂತೆ ನಿತ್ಯದ ಕುತ್ತಿಗೆ, ಭುಜದ ನೋವಿಗೆ ಭಯಪಡಬೇಕಾಗಿಲ್ಲ. ಕಾಯಕವೆಂದರೆ ದುಡಿಯುವ ಕೈ. ಆ ಕೈಯನ್ನು ದುಡಿಮೆಗೆ ಯೋಗ್ಯವಾಗಿ ಇರಿಸಿಕೊಳ್ಳುವುದೂ ಕಾಯಕದ ಒಂದು ಭಾಗವೇ. ನಾಳೆ ಬೆಳಿಗ್ಗೆ ಗೋಡೆಯ ಮೇಲೆ ಮೊದಲ ಗುರುತು ಹಾಕಿ, ಆರು ವಾರಗಳ ಬಳಿಕ ಅದು ಎಲ್ಲಿದೆಯೆಂದು ನೋಡಿ. ಮುಂದಿನ ಸಂಚಿಕೆಯಲ್ಲಿ ಮೊಣಕಾಲು ನೋವಿನ ವಿಚಾರವನ್ನು ತಿಳಿಯೋಣ.