ಹೊಗೆಯ ಮರೆಯಲ್ಲಿ

ಒಬ್ಬನು ತನ್ನ ಮನೆಯ ನಡುಕೋಣೆಯಲ್ಲಿ ಕುಳಿತು ಸಿಗರೇಟು ಸೇದುತ್ತಿದ್ದಾನೆಂದು ಇಟ್ಟುಕೊಳ್ಳಿ. ಆಗಾಗ ಅದನ್ನು ತುಟಿಗಿಟ್ಟು ಅವನು ಒಂದು ದಮ್ಮು ಎಳೆಯುತ್ತಾನೆ. ಉಳಿದ ಹೊತ್ತೆಲ್ಲ ಅದು ಅವನ ಬೆರಳುಗಳ ನಡುವೆಯೋ ಮೇಜಿನ ಮೇಲಿನ ತಟ್ಟೆಯಲ್ಲಿಯೋ ತನ್ನಷ್ಟಕ್ಕೆ ತಾನು ಕನಲುತ್ತಿರುತ್ತದೆ. ಹೀಗೆ ಒಂದೇ ಸಿಗರೇಟಿನಿಂದ ಎರಡು ಬಗೆಯ ಹೊಗೆ ಹುಟ್ಟುತ್ತದೆ. ಸೇದುವವನು ಎಳೆದುಕೊಳ್ಳುವುದು ಮುಖ್ಯಧಾರೆ. ಉರಿಯುವ ತುದಿಯಿಂದ ಕೋಣೆಗೆ ಹರಡುವುದು ಪಾರ್ಶ್ವಧಾರೆ. ದಮ್ಮು ಎಳೆದಾಗ ಗಾಳಿ ರಭಸದಿಂದ ನುಗ್ಗುವುದರಿಂದ ತುದಿಯ ಉಷ್ಣತೆ ಸುಮಾರು ೯೦೦ ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಸುಮ್ಮನೆ ಕನಲುವಾಗ ಉಷ್ಣತೆ ಅದಕ್ಕಿಂತ ಬಹಳ ಕಡಿಮೆ. ಅಲ್ಲಿ ತಂಬಾಕು ಪೂರ್ಣವಾಗಿ ಉರಿಯುವುದಿಲ್ಲ. ಅರೆಬೆಂದ ಎಲೆಯಿಂದ ಹೊರಡುವ ಈ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್, ಅಮೋನಿಯ ಮೊದಲಾದ ವಿಷಗಳು ಹೆಚ್ಚು. ಅದಕ್ಕೆ ಯಾವ ಸೋಸಕವೂ ಅಡ್ಡವಿಲ್ಲ. ಕೋಣೆಯಲ್ಲಿ ಸೇರುವ ಹೊಗೆಯ ಬಹುಪಾಲು ಈ ಪಾರ್ಶ್ವಧಾರೆಯದೇ. ಬಾಗಿಲ ಬಳಿ ಪಾಠ ಓದುತ್ತ ಕುಳಿತ ಮಗುವೂ ಒಳಗೆ ಕೆಲಸದಲ್ಲಿ ತೊಡಗಿದ ತಾಯಿಯೂ ಉಸಿರಾಡುವುದು ಅದನ್ನೇ.

ಈ ಸಂಗತಿ ಇಂದು ಎಲ್ಲರಿಗೂ ತಿಳಿದುದೇ. ಆದರೆ ಇದನ್ನು ಮೊದಲು ಅರಿತವರು ಯಾರು, ಅರಿತವರು ಏನು ಮಾಡಿದರು ಎಂಬುದು ವಿಜ್ಞಾನದ ಇತಿಹಾಸದಲ್ಲಿ ಒಂದು ವಿಚಿತ್ರವಾದ ಅಧ್ಯಾಯ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಸಿಗರೇಟಿನ ಬಳಕೆ ಹೆಚ್ಚಿದಂತೆ ಶ್ವಾಸಕೋಶದ ಕ್ಯಾನ್ಸರ್ ಕೂಡ ಹೆಚ್ಚುತ್ತ ಬಂದಿತು. ೧೯೫೦ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್, ಅಮೆರಿಕದ ಅರ್ನ್‌ಸ್ಟ್ ವೈಂಡರ್ ಮತ್ತು ಎವರ್ಟ್ಸ್ ಗ್ರಹಾಂ ಬೇರೆ ಬೇರೆಯಾಗಿ ರೋಗಿಗಳನ್ನು ವಿಚಾರಿಸಿ, ಈ ಎರಡಕ್ಕೂ ನಿಕಟವಾದ ಸಂಬಂಧವಿದೆಯೆಂದು ಪ್ರಕಟಿಸಿದರು. ೧೯೫೩ರಲ್ಲಿ ವೈಂಡರ್ ಮತ್ತು ಗ್ರಹಾಂ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸಿಗರೇಟಿನ ಹೊಗೆಯಿಂದ ಇಳಿಸಿದ ಟಾರನ್ನು ಅವರು ಇಲಿಗಳ ಬೆನ್ನಿಗೆ ಲೇಪಿಸುತ್ತ ಬಂದಾಗ ಅಲ್ಲಿ ಕ್ಯಾನ್ಸರಿನ ಗಂಟುಗಳು ಎದ್ದವು. ಗ್ರಹಾಂ ಹೆಸರಾಂತ ಶಸ್ತ್ರವೈದ್ಯರು. ಕ್ಯಾನ್ಸರ್ ತಗುಲಿದ ಇಡೀ ಶ್ವಾಸಕೋಶವೊಂದನ್ನು ತೆಗೆದು ರೋಗಿಯನ್ನು ಉಳಿಸಿದ ಕೀರ್ತಿ ಅವರದು. ಬಹುಕಾಲ ಸಿಗರೇಟು ಸೇದಿದ್ದ ಅವರು ೧೯೫೭ರಲ್ಲಿ ಅದೇ ರೋಗಕ್ಕೆ ತುತ್ತಾದರು.

ಇಲಿಗಳ ಸುದ್ದಿ ಪತ್ರಿಕೆಗಳಲ್ಲಿ ಹರಡುತ್ತಲೇ ತಂಬಾಕು ಕಂಪನಿಗಳು ತಲ್ಲಣಿಸಿದವು. ಅವುಗಳ ಮುಖ್ಯಸ್ಥರು ೧೯೫೩ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಕಲೆತು, ಪ್ರಚಾರವೃತ್ತಿಯವರ ಸಲಹೆ ಪಡೆದರು. ೧೯೫೪ರ ಜನವರಿ ೪ರಂದು ನಾನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅವರ ಹೇಳಿಕೆ ಇಡೀ ಪುಟವಾಗಿ ಅಚ್ಚಾಯಿತು. ತಮ್ಮ ಸರಕು ಹಾನಿಕರವಲ್ಲವೆಂದೇ ತಮ್ಮ ನಂಬಿಕೆ, ಆದರೂ ಜನರ ಆರೋಗ್ಯವೇ ತಮಗೆ ಎಲ್ಲಕ್ಕಿಂತ ಮಿಗಿಲು, ಸತ್ಯವನ್ನು ತಿಳಿಯಲು ತಾವೇ ಹಣವಿಟ್ಟು ಸಂಶೋಧನೆ ನಡೆಸುವೆವು ಎಂಬುದು ಅದರ ಸಾರಾಂಶ. ಕೊಟ್ಟ ಮಾತಿನಂತೆ ಸಂಶೋಧನಾ ಸಮಿತಿಯೊಂದು ಹುಟ್ಟಿತು. ಪ್ರಯೋಗಶಾಲೆಗಳಿಗೆ ಹಣ ಹರಿಯಿತು. ಸಂಶೋಧನೆ ನಡೆದುದೇನೋ ನಿಜ. ಫಲಿತಾಂಶ ಯಾರ ಕೈಸೇರಿತೆಂಬುದು ಬೇರೆಯ ಮಾತು.

ಮೊದಲು ಬದಲಾದುದು ಸಿಗರೇಟಿನ ರಚನೆ. ಹೆದರಿದ ಗಿರಾಕಿಗಳನ್ನು ಉಳಿಸಿಕೊಳ್ಳಲು ಕಂಪನಿಗಳು ತುದಿಗೆ ಸೋಸಕವನ್ನು, ಎಂದರೆ ಫಿಲ್ಟರನ್ನು, ಜೋಡಿಸಿ ಮಾರತೊಡಗಿದವು. ಇವುಗಳಲ್ಲಿ ಕೆಂಟ್ ಎಂಬ ಸಿಗರೇಟಿನ ಕಥೆ ಕೇಳಿದರೆ ಮೈ ನಡುಗುತ್ತದೆ. ಆರೋಗ್ಯರಕ್ಷಣೆಯ ಹೆಸರಿನಲ್ಲಿ ಅಬ್ಬರದ ಪ್ರಚಾರ ಪಡೆದ ಅದರ ಫಿಲ್ಟರಿನಲ್ಲಿ ೧೯೫೨ರಿಂದ ೧೯೫೬ರವರೆಗೆ ಇದ್ದುದು ನೀಲಿ ಕಲ್ನಾರು. ಕಲ್ನಾರಿನ ಎಳೆ ಶ್ವಾಸಕೋಶವನ್ನು ಹೊಕ್ಕರೆ ತಾನೇ ಕ್ಯಾನ್ಸರನ್ನು ಉಂಟುಮಾಡಬಲ್ಲುದು! ಇನ್ನೊಂದು ಕಂಪನಿಯ ರಸಾಯನವಿಜ್ಞಾನಿಯು ೧೯೫೩ರಲ್ಲಿಯೇ ಬೇರೊಂದು ಉಪಾಯವನ್ನು ಬರೆದಿಟ್ಟಿದ್ದನು. ಫಿಲ್ಟರಿನ ವಸ್ತುವಿನ ಆಮ್ಲೀಯತೆಯನ್ನು ಸ್ವಲ್ಪ ಮಾರ್ಪಡಿಸಿದರೆ ಹೊಗೆ ತಾಗಿದೊಡನೆ ಅದರ ಬಣ್ಣ ಕಪ್ಪಾಗುತ್ತದೆ. ಕೊಳೆಯೆಲ್ಲ ಅಲ್ಲಿಯೇ ನಿಂತಿತೆಂದು ಸೇದುವವನು ಸಮಾಧಾನಪಡುತ್ತಾನೆ. ಹೆಚ್ಚು ಸೋಸುವುದು ಬೇಕಾಗಿಯೇ ಇಲ್ಲ, ಸೋಸಿದಂತೆ ತೋರಿದರೆ ಸಾಕು.

ಅಳತೆಯ ಯಂತ್ರದ ಕಥೆಯೂ ಇಂಥದೇ. ಅಮೆರಿಕದ ವಾಣಿಜ್ಯ ಆಯೋಗವು ೧೯೬೭ರಿಂದ ಸಿಗರೇಟುಗಳ ಟಾರು, ನಿಕೊಟಿನ್‌ಗಳನ್ನು ಯಂತ್ರದ ಸಹಾಯದಿಂದ ಅಳೆಯತೊಡಗಿತು. ನಿಮಿಷಕ್ಕೊಮ್ಮೆ, ಎರಡು ಸೆಕೆಂಡುಗಳ ಕಾಲ, ೩೫ ಮಿಲಿಲೀಟರ್ ಹೊಗೆಯನ್ನು ಎಳೆಯುವುದು ಆ ಯಂತ್ರದ ನಿಯಮ. ಇದನ್ನರಿತ ತಯಾರಕರು ಫಿಲ್ಟರಿನ ಸುತ್ತ ಬರಿಗಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಸಾಲುಗಳನ್ನು ಕೊರೆದರು. ಯಂತ್ರವು ಎಳೆದಾಗ ರಂಧ್ರಗಳಿಂದ ಗಾಳಿ ನುಗ್ಗಿ ಹೊಗೆ ತೆಳುವಾಯಿತು, ಅಳತೆಯೂ ಇಳಿಯಿತು. ಪೊಟ್ಟಣದ ಮೇಲೆ ‘ಹಗುರ’, ‘ಮೃದು’ ಎಂಬ ಮಾತುಗಳು ಬಂದವು. ಆದರೆ ಮನುಷ್ಯನು ಯಂತ್ರವಲ್ಲ. ಅವನ ತುಟಿಗಳೂ ಬೆರಳುಗಳೂ ಆ ರಂಧ್ರಗಳನ್ನು ಮುಚ್ಚುತ್ತವೆ. ಬೇಕಾದಷ್ಟು ನಿಕೊಟಿನ್ ಸಿಗದಿದ್ದರೆ ಅವನು ದಮ್ಮನ್ನು ಆಳವಾಗಿ, ಬೇಗ ಬೇಗ ಎಳೆಯುತ್ತಾನೆ. ಕಡಿಮೆಯಾದದ್ದು ಯಂತ್ರದ ಲೆಕ್ಕದಲ್ಲಿ ಮಾತ್ರ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ೨೦೦೧ರಲ್ಲಿ ಈ ಬದಲಾವಣೆಗಳಿಂದ ಜನರ ಆರೋಗ್ಯಕ್ಕೆ ಲಾಭವಾಗಿರುವುದಕ್ಕೆ ನಂಬತಕ್ಕ ಸಾಕ್ಷ್ಯವಿಲ್ಲವೆಂದು ಸಾರಿತು. ‘ಹಗುರ’ ಎಂಬ ಮಾತನ್ನು ಪೊಟ್ಟಣದಿಂದ ಅಳಿಸಲು ಆ ದೇಶದಲ್ಲಿ ೨೦೧೦ರವರೆಗೆ ಕಾಯಬೇಕಾಯಿತು.

ಇಷ್ಟು ದಿನ ವಾದವೆಲ್ಲ ಸೇದುವವನ ಸುತ್ತಲೇ ಇದ್ದಿತು. ಅವನ ದೇಹ, ಅವನ ಇಚ್ಛೆ ಎಂದು ಹೇಳಿ ಕಂಪನಿಗಳು ಜಾರಿಕೊಳ್ಳಬಹುದಾಗಿತ್ತು. ಪಕ್ಕದಲ್ಲಿ ಕುಳಿತವನ ಮಾತು ಬಂದರೆ ಈ ಉತ್ತರ ನಿಲ್ಲುವಂತಿಲ್ಲ. ೧೯೭೮ರಲ್ಲಿ ರೋಪರ್ ಎಂಬ ಜನಾಭಿಪ್ರಾಯ ಸಂಸ್ಥೆಯು ತಂಬಾಕು ಉದ್ಯಮಕ್ಕೆ ಗುಟ್ಟಾಗಿ ಕೊಟ್ಟ ವರದಿಯಲ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಿತ್ತು. ಸೇದುವವನು ತನಗೆ ತಾನು ಮಾಡಿಕೊಳ್ಳುವುದು ಅವನ ಪಾಡಿರಬಹುದು. ಸೇದದವನಿಗೆ ಅವನು ಮಾಡುವುದು ಹಾಗಲ್ಲ. ಉದ್ಯಮದ ಉಳಿವಿಗೆ ಇದಕ್ಕಿಂತ ದೊಡ್ಡ ಅಪಾಯ ಮತ್ತೊಂದು ಬಂದಿಲ್ಲ ಎಂಬುದು ಅದರ ಅಭಿಪ್ರಾಯ.

ಆ ಅಪಾಯ ಜಪಾನಿನಿಂದ ಬಂದಿತು. ಟೋಕಿಯೋ ನಗರದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ತಾಕೇಶಿ ಹಿರಯಾಮ ಅವರು ೨೯ ಆರೋಗ್ಯಕೇಂದ್ರಗಳ ವ್ಯಾಪ್ತಿಯಲ್ಲಿ, ನಲವತ್ತು ವರ್ಷ ಮೀರಿದ ೨,೬೫,೧೧೮ ಜನರ ಜೀವನಕ್ರಮವನ್ನು ದಾಖಲಿಸಿ ಹಲವು ವರ್ಷ ಅವರನ್ನು ಗಮನಿಸುತ್ತ ಬಂದಿದ್ದರು. ಅವರಲ್ಲಿ ೯೧,೫೪೦ ಮಂದಿ ಎಂದೂ ಸಿಗರೇಟು ಮುಟ್ಟದ ಗೃಹಿಣಿಯರು. ಆ ಕಾಲದ ಜಪಾನಿನಲ್ಲಿ ಗಂಡಸರು ಬಹಳವಾಗಿ ಸೇದುತ್ತಿದ್ದರು, ಹೆಂಗಸರು ಸೇದುತ್ತಿದ್ದುದು ಅಪರೂಪ. ಇಂಥ ಸಮಾಜವು ಹಿರಯಾಮ ಅವರ ಪ್ರಶ್ನೆಗೆ ತಾನಾಗಿಯೇ ಒಂದು ಪ್ರಯೋಗಶಾಲೆಯಾಯಿತು. ೧೪ ವರ್ಷಗಳ ಲೆಕ್ಕವನ್ನು ಅವರು ೧೯೮೧ರ ಜನವರಿಯಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ದಿನಕ್ಕೆ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಸಿಗರೇಟು ಸೇದುವವರ ಪತ್ನಿಯರು ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ, ಸೇದದವರ ಪತ್ನಿಯರಿಗಿಂತ ಸುಮಾರು ಎರಡರಷ್ಟಿದ್ದಿತು. ಗಂಡನು ಹೆಚ್ಚು ಸೇದಿದಷ್ಟೂ ಹೆಂಡತಿಯ ಅಪಾಯ ಹೆಚ್ಚಿತ್ತು. ಅದೇ ವರ್ಷ ಗ್ರೀಸ್ ದೇಶದಿಂದಲೂ ಇದೇ ಬಗೆಯ ವರದಿ ಬಂದಿತು.

ಅಮೆರಿಕದ ತಂಬಾಕು ಉದ್ಯಮ ಸುಮ್ಮನಿರಲಿಲ್ಲ. ಹಿರಯಾಮ ಅವರ ಗಣಿತದಲ್ಲಿ ತಪ್ಪಿದೆಯೆಂದು ಸಂಖ್ಯಾಶಾಸ್ತ್ರಜ್ಞರೊಬ್ಬರು ಹೇಳಿದುದನ್ನು ಹಿಡಿದು ಅದು ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೆಬ್ಬಿಸಿತು. ಸಾಮಾನ್ಯ ಓದುಗನು ಲೆಕ್ಕವನ್ನು ತಾನೇ ಪರೀಕ್ಷಿಸಬಲ್ಲನೆ? ವಿದ್ವಾಂಸರಲ್ಲಿಯೇ ಒಮ್ಮತವಿಲ್ಲವೆಂದುಕೊಂಡು ಅವನು ಪುಟ ತಿರುಗಿಸಿದನು. ಅದೇ ೧೯೮೧ರ ಜುಲೈ ತಿಂಗಳಲ್ಲಿ ಒಂದು ಕಂಪನಿಯ ವಕೀಲನು ತನ್ನ ಮೇಲಿನವರಿಗೆ ಬರೆದ ಟಿಪ್ಪಣಿಯಲ್ಲಿ ಬೇರೆಯೇ ಮಾತಿತ್ತು. ಹಿರಯಾಮ ಒಳ್ಳೆಯ ವಿಜ್ಞಾನಿ, ಅವರ ಲೇಖನ ಸರಿಯಾಗಿದೆ ಎಂದು ಉದ್ಯಮವೇ ನಂಬಿದ್ದ ತಜ್ಞರು ಒಪ್ಪಿದ್ದಾರೆಂದು ಅವನು ತಿಳಿಸಿದ್ದನು. ಒಳಗೆ ಒಪ್ಪಿಗೆ, ಹೊರಗೆ ಆಕ್ಷೇಪಣೆ! ಸಂಶಯವೇ ತಮ್ಮ ಸರಕು ಎಂದು ಆ ಉದ್ಯಮದವರೇ ೧೯೬೯ರಲ್ಲಿ ಒಂದು ಕಾಗದದಲ್ಲಿ ಬರೆದುಕೊಂಡಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.

ತಜ್ಞರ ಒಪ್ಪಿಗೆಯಷ್ಟೇ ಅಲ್ಲ, ಪಾರ್ಶ್ವಧಾರೆಯನ್ನು ಕುರಿತ ಪ್ರತ್ಯಕ್ಷ ಪ್ರಯೋಗಗಳೂ ಉದ್ಯಮದ ಒಳಗೇ ನಡೆದಿದ್ದವು. ಫಿಲಿಪ್ ಮಾರಿಸ್ ಕಂಪನಿಯು ೧೯೭೧ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿದ್ದ ಇನ್‌ಬಿಫೊ ಎಂಬ ಪ್ರಯೋಗಶಾಲೆಯನ್ನು ಕೊಂಡುಕೊಂಡಿತ್ತು. ಅಮೆರಿಕದಲ್ಲಿ ಮಾಡಲು ಹಿಂಜರಿಯುವ ಕೆಲಸಗಳನ್ನು ಅಲ್ಲಿ ಮಾಡಿಸಬಹುದೆಂಬುದು ಕಂಪನಿಯ ಹಿರಿಯರ ಆಲೋಚನೆ. ೧೯೮೦ರ ದಶಕದಲ್ಲಿ ಅಲ್ಲಿ ಇಲಿಗಳನ್ನು ಸಿಗರೇಟಿನ ಎರಡೂ ಬಗೆಯ ಹೊಗೆಗೆ ಒಡ್ಡಿ ಹೋಲಿಸಲಾಯಿತು. ಗ್ರಾಮಿಗೆ ಗ್ರಾಮಿನಂತೆ ಎಣಿಸಿದರೆ, ಆಗತಾನೇ ಹುಟ್ಟಿದ ಪಾರ್ಶ್ವಧಾರೆಯ ಹೊಗೆಯು ಮುಖ್ಯಧಾರೆಗಿಂತ ಸುಮಾರು ನಾಲ್ಕರಷ್ಟು ವಿಷಕರವೆಂದು ಕಂಡುಬಂದಿತು. ಅದರಿಂದ ಇಳಿಸಿದ ಟಾರನ್ನು ಚರ್ಮಕ್ಕೆ ಲೇಪಿಸಿದಾಗ ಗಂಟುಗಳನ್ನು ಎಬ್ಬಿಸುವ ಶಕ್ತಿ ಎರಡರಿಂದ ಆರರಷ್ಟು ಹೆಚ್ಚಾಗಿತ್ತು. ಕೋಣೆಯಲ್ಲಿ ಹೊತ್ತು ಕಳೆದು ಹಳತಾದ ಹೊಗೆ ಇನ್ನೂ ಕೆಟ್ಟದು ಎಂಬುದಕ್ಕೂ ಅಲ್ಲಿ ಆಧಾರಗಳು ದೊರೆತವು. ಹಿರಯಾಮ ಹೇಳಿದ್ದು ಹೇಗೆ ಸಾಧ್ಯವೆಂಬ ಪ್ರಶ್ನೆಗೆ ಉತ್ತರ ಕಲೋನಿನ ಕಡತಗಳಲ್ಲಿ ಇದ್ದೇ ಇತ್ತು.

ಆ ಕಡತಗಳು ಹೊರಗೆ ಬರಲಿಲ್ಲ. ವರದಿಗಳು ಕಂಪನಿಯ ಕೇಂದ್ರಕ್ಕೆ ನೇರವಾಗಿ ಬಾರದಂತೆ ಸುತ್ತುದಾರಿಯ ಏರ್ಪಾಡಾಗಿತ್ತು. ಕಂಪನಿಯ ಸಂಶೋಧನೆಯ ಹಿರಿಯ ಅಧಿಕಾರಿಯೊಬ್ಬನ ಕೈಬರಹದ ಚೀಟಿಯೊಂದು ಉಳಿದುಬಂದಿದೆ. ಕಾಗದಗಳನ್ನೆಲ್ಲ ಕಲೋನಿಗೆ ಸಾಗಿಸಬೇಕು. ಮುಖ್ಯವಾದ ಪತ್ರಗಳಿದ್ದರೆ ತನ್ನ ಮನೆಗೆ ಕಳಿಸಬೇಕು. ನೋಡಿ ನಾಶಪಡಿಸುವೆನು ಎಂಬುದು ಅದರಲ್ಲಿನ ಒಕ್ಕಣೆ. ಇಲಿಗಳು ಸತ್ತು ಕೊಟ್ಟ ಸಾಕ್ಷ್ಯವನ್ನು ಮನುಷ್ಯರು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

ಪಾರ್ಶ್ವಧಾರೆಯ ಅರಿವು ಸಿಗರೇಟಿನ ರಚನೆಯಲ್ಲಿಯೂ ಕಾಣಿಸಿಕೊಂಡಿತು. ಪಕ್ಕದವರು ಗೊಣಗುವುದು ಹೊಗೆ ಕಣ್ಣಿಗೆ ಬಿದ್ದಾಗ, ಮೂಗಿಗೆ ನಾತ ಹೊಡೆದಾಗ. ಆದುದರಿಂದ ಸುತ್ತುವ ಕಾಗದದಲ್ಲಿ ಮೆಗ್ನೀಷಿಯಂ ಸಂಯುಕ್ತಗಳನ್ನು ಸೇರಿಸುವುದು, ಸಿಗರೇಟನ್ನೇ ತೆಳ್ಳಗೆ ಮಾಡುವುದು, ಸುವಾಸನೆ ಬೆರೆಸುವುದು ಮೊದಲಾದ ಯತ್ನಗಳು ನಡೆದವು. ಕಣ್ಣಿಗೆ ಕಾಣುವ ಹೊಗೆ ಕಡಿಮೆಯಾಯಿತು. ಕಣ್ಣಿಗೆ ಕಾಣದ ಅನಿಲಗಳ ವಿಚಾರ ಬೇರೆ. ಮೂಗು, ಗಂಟಲುಗಳ ಒಳಪದರವನ್ನು ಬಹುಮಟ್ಟಿಗೆ ಕೆಡಿಸುವುದು ಆ ಅನಿಲಗಳೇ ಎಂಬುದು ಕಲೋನಿನ ಪ್ರಯೋಗಗಳಿಂದಲೇ ತಿಳಿದಿದ್ದಿತು. ಹೊಗೆ ಕಂಡರೆ ಜನ ಎದ್ದುಹೋಗಬಹುದು. ಕಾಣದಿದ್ದರೆ ಅಲ್ಲಿಯೇ ಕುಳಿತಿರುತ್ತಾರೆ.

ಹೊರಗಿನ ವಿಜ್ಞಾನ ಮಾತ್ರ ನಿಲ್ಲಲಿಲ್ಲ. ಪರರ ಹೊಗೆ ಆರೋಗ್ಯವಂತರಾದ ಸೇದದವರಲ್ಲಿಯೂ ಕ್ಯಾನ್ಸರನ್ನು ಉಂಟುಮಾಡುತ್ತದೆಂದು ಅಮೆರಿಕದ ಮಹಾವೈದ್ಯಾಧಿಕಾರಿ ಎವರೆಟ್ ಕೂಪ್ ೧೯೮೬ರ ವರದಿಯಲ್ಲಿ ಘೋಷಿಸಿದರು. ವಿಮಾನ, ಕಚೇರಿ, ಹೋಟೆಲುಗಳಲ್ಲಿ ಸೇದುವುದಕ್ಕೆ ಒಂದೊಂದಾಗಿ ನಿಷೇಧ ಬಂದಿತು. ಭಾರತದಲ್ಲಿ ೧೯೯೯ರಲ್ಲಿ ಕೇರಳದ ಉಚ್ಚ ನ್ಯಾಯಾಲಯವು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ತಡೆಯಿತು. ೨೦೦೮ರ ಅಕ್ಟೋಬರ್ ೨ರಿಂದ ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳು ಜಾರಿಯಾದವು.

ಬೀಗ ಒಡೆದುದು ಅನಿರೀಕ್ಷಿತವಾಗಿ. ೧೯೯೪ರ ಏಪ್ರಿಲಿನಲ್ಲಿ ಏಳು ತಂಬಾಕು ಕಂಪನಿಗಳ ಮುಖ್ಯಸ್ಥರು ಅಮೆರಿಕದ ಸಂಸತ್ತಿನ ಸಮಿತಿಯೆದುರು ಸಾಲಾಗಿ ನಿಂತು ಪ್ರಮಾಣ ಮಾಡಿ, ನಿಕೊಟಿನ್ ಚಟ ಹಿಡಿಸುವುದೆಂದು ತಾವು ನಂಬುವುದಿಲ್ಲವೆಂದರು. ಮರುತಿಂಗಳೇ ಕ್ಯಾಲಿಫೋರ್ನಿಯದ ಪ್ರಾಧ್ಯಾಪಕ ಸ್ಟಾಂಟನ್ ಗ್ಲಾಂಟ್ಸ್ ಅವರಿಗೆ ಕಾಗದಗಳ ಪೆಟ್ಟಿಗೆಯೊಂದು ಅಂಚೆಯಲ್ಲಿ ಬಂದಿತು; ಕಳುಹಿಸಿದವನ ನಿಜನಾಮ ಅದರ ಮೇಲಿರಲಿಲ್ಲ. ಅದರಲ್ಲಿದ್ದುದು ಒಂದು ಕಂಪನಿಯ ಸಾವಿರಾರು ಪುಟಗಳ ಗುಪ್ತ ಪತ್ರಗಳು. ನಿಕೊಟಿನ್ ಚಟ ಹಿಡಿಸುವ ವಸ್ತುವೆಂದು ಆ ಕಂಪನಿಯ ವಕೀಲನೇ ೧೯೬೩ರಲ್ಲಿ ಬರೆದಿದ್ದುದು ಹೀಗೆ ಬಯಲಾಯಿತು. ಮುಂದೆ ೧೯೯೮ರಲ್ಲಿ, ರಾಜ್ಯ ಸರ್ಕಾರಗಳು ಹೂಡಿದ್ದ ಮೊಕದ್ದಮೆಗಳ ಫಲವಾಗಿ, ಎಲ್ಲ ದೊಡ್ಡ ಕಂಪನಿಗಳೂ ಲಕ್ಷಗಟ್ಟಲೆ ಪುಟಗಳನ್ನು ಸಾರ್ವಜನಿಕರ ಮುಂದಿಡಬೇಕಾಯಿತು. ಸ್ಯಾನ್‌ಫ್ರಾನ್ಸಿಸ್ಕೋದ ವಿಶ್ವವಿದ್ಯಾನಿಲಯವು ಅವುಗಳನ್ನು ಸಂಗ್ರಹಿಸಿ ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿದೆ. ಕಲೋನಿನ ಇಲಿಗಳ ಲೆಕ್ಕವನ್ನು ಸುಜೇನ್ ಶಿಕ್ ಮತ್ತು ಗ್ಲಾಂಟ್ಸ್ ಆ ರಾಶಿಯಿಂದಲೇ ಹೆಕ್ಕಿ ೨೦೦೫ರಲ್ಲಿ ಪ್ರಕಟಿಸಿದರು. ಪ್ರಯೋಗ ನಡೆದು ಆಗಲೇ ಸುಮಾರು ಇಪ್ಪತ್ತು ವರ್ಷಗಳಾಗಿದ್ದವು.

ಮರುವರ್ಷ, ಎಂದರೆ ೨೦೦೬ರ ಆಗಸ್ಟಿನಲ್ಲಿ, ವಾಷಿಂಗ್‌ಟನ್ನಿನ ನ್ಯಾಯಾಧೀಶೆ ಗ್ಲ್ಯಾಡಿಸ್ ಕೆಸ್ಲರ್ ಸಾವಿರದ ಆರುನೂರಕ್ಕೂ ಹೆಚ್ಚು ಪುಟಗಳ ತೀರ್ಪನ್ನು ಕೊಟ್ಟು, ಕಂಪನಿಗಳು ದಶಕಗಳ ಕಾಲ ಜನರನ್ನು ವಂಚಿಸಿದವೆಂದು ನಿರ್ಣಯಿಸಿದರು. ತಮ್ಮ ಖರ್ಚಿನಲ್ಲಿಯೇ ನಿಜವನ್ನು ಪ್ರಕಟಿಸಬೇಕೆಂದೂ ಆಜ್ಞಾಪಿಸಿದರು. ಒಂದೊಂದು ಪದಕ್ಕೂ ಮೇಲ್ಮನವಿ ಹೂಡುತ್ತ ಕಂಪನಿಗಳು ಇನ್ನೂ ಹನ್ನೊಂದು ವರ್ಷ ಎಳೆದವು. ಕೊನೆಗೆ ೨೦೧೭ರ ನವೆಂಬರಿನಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಅವುಗಳ ಹೇಳಿಕೆ ಮತ್ತೊಮ್ಮೆ ಇಡೀ ಪುಟವಾಗಿ ಅಚ್ಚಾಯಿತು. ೧೯೫೪ರ ಹೇಳಿಕೆಗೆ ಆಗ ಅರವತ್ತಮೂರು ವರ್ಷ ತುಂಬಿದ್ದವು. ಸಿಗರೇಟನ್ನು ಹೆಚ್ಚು ಚಟ ಹಿಡಿಸುವಂತೆ ಬೇಕೆಂದೇ ರಚಿಸಲಾಗಿತ್ತು, ‘ಹಗುರ’ ಸಿಗರೇಟು ಇತರ ಸಿಗರೇಟುಗಳಿಗಿಂತ ಸುರಕ್ಷಿತವಲ್ಲ, ಪರರ ಹೊಗೆ ಪ್ರತಿ ವರ್ಷ ೩೮,೦೦೦ಕ್ಕೂ ಹೆಚ್ಚು ಅಮೆರಿಕನ್ನರನ್ನು ಕೊಲ್ಲುತ್ತದೆ ಎಂಬ ವಾಕ್ಯಗಳನ್ನು ನ್ಯಾಯಾಲಯದ ಅಪ್ಪಣೆಯಂತೆ ಅವು ಹಣ ತೆತ್ತು ಅಚ್ಚುಹಾಕಿಸಿದವು.