ಸಮ್ಮಿಶ್ರ ಟಮಾಲೆ: ಹೂರಣಕ್ಕಿಂತ ಹಿಟ್ಟು ಮುಖ್ಯ

ಲಾಸ್ ಏಂಜಲಿಸ್‌ನಲ್ಲಿ 2008ರಲ್ಲಿ ರಾಯ್ ಚೋಯ್ ಅವರ ‘ಕೋಗಿ’ ಸಂಚಾರಿ ವಾಹನವು ಮೆಕ್ಸಿಕೋದ ಟಾಕೋದಲ್ಲಿ ಕೊರಿಯಾ ಶೈಲಿಯ ಮಾಂಸವನ್ನಿಟ್ಟು ಮಾರಿದ ಬಳಿಕ ಇಂತಹ ಬೆಸುಗೆಗೆ ಬೇಡಿಕೆ ಕುದುರಿತು. ಏಷ್ಯಾ ಮಾದರಿಯ ಉಪಾಹಾರಗೃಹಗಳು ಟಮಾಲೆಗೂ ಕೈಹಚ್ಚಿದವು. ಆದರೆ ಟಾಕೋದ ಲೆಕ್ಕಾಚಾರ ಟಮಾಲೆಗೆ ಹೊಂದದು.

ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ಅರೆದರೆ ‘ಮಾಸಾ’ ಎಂಬ ಹಿಟ್ಟು ದೊರೆಯುತ್ತದೆ. ಸುಣ್ಣವು ಕಾಳಿನ ಹೊರಪದರವನ್ನು ಸಡಿಲಿಸುತ್ತದೆ, ಈ ಹಿಟ್ಟು ಅಂಟಿ ಹಿಡಿದುಕೊಳ್ಳಲೂ ನೆರವಾಗುತ್ತದೆ. ಇದಕ್ಕೆ ಕೊಬ್ಬು ಬೆರೆಸಿ, ಹೂರಣ ತುಂಬಿ, ತೆನೆಯ ಸಿಪ್ಪೆಯಲ್ಲಿ ಮಡಿಚಿ, ಕಡುಬಿನಂತೆ ಹಬೆಯಲ್ಲಿ ಬೇಯಿಸುತ್ತಾರೆ. ಸಿಪ್ಪೆ ಬಿಡಿಸಿದ ಗ್ರಾಹಕನ ಬಾಯಿಗೆ ಮೊದಲು ಸಿಗುವುದು ಹಿಟ್ಟೇ. ನೀರೊಡೆಯುವ ಕಿಮ್ಚಿಯನ್ನು ಹಿಂಡದೆ ತುಂಬಿದಲ್ಲಿ ಹಿಟ್ಟು ಮೆತ್ತಗಾಗುತ್ತದೆ. ಆತ ಮತ್ತೊಮ್ಮೆ ಬರುವುದು ಸಂದೇಹ. ಒಂದೊಂದನ್ನೂ ಕೈಯಿಂದಲೇ ಮಡಿಚಬೇಕಾದ್ದರಿಂದ ಕೂಲಿಯ ಹೊರೆ ಅಧಿಕ. ಮುಂಚಿತವಾಗಿ ತಯಾರಿಸಿ ಶೈತ್ಯದಲ್ಲಿರಿಸಿ, ಬೇಡಿಕೆ ಬಂದಾಗ ಹಬೆಯಾಡಿಸಬಹುದೆಂಬುದೊಂದೇ ಅನುಕೂಲ.

ಈ ಬೆಸುಗೆ ಹೊಸತೇನಲ್ಲ. ಮನಿಲಾ ಹಾಗೂ ಮೆಕ್ಸಿಕೋದ ಅಕಪುಲ್ಕೋ ಬಂದರುಗಳ ನಡುವೆ 1565ರಿಂದ 1815ರವರೆಗೆ ಹಡಗು ವ್ಯಾಪಾರ ನಡೆದಿತ್ತು. ಫಿಲಿಪ್ಪೀನ್ಸ್‌ನ ಟಮಾಲೆಯಲ್ಲಿ ಜೋಳದ ಸ್ಥಾನಕ್ಕೆ ಅಕ್ಕಿಹಿಟ್ಟು, ತೆಂಗಿನಹಾಲು ಬಂದಿವೆ. ಸಿಪ್ಪೆಯ ಬದಲು ಬಾಳೆಎಲೆ. ಅಲ್ಲಿಯವರು ಹೂರಣಕ್ಕೆ ಮಾತ್ರ ನಿಲ್ಲದೆ ಹಿಟ್ಟನ್ನೇ ತಮ್ಮದಾಗಿಸಿಕೊಂಡರು.